ನೀವು ಕೇಳಿದಿರಿ: ಪುಟ್ಟ ಹಾಯಿದೋಣಿ, ನಡುಗಡಲಿನ ಗಾಳಿ

ಹಿಂದಿನ ಸಂಚಿಕೆಯಲ್ಲಿ ಯಾರೋ ಸಮುದ್ರಯಾನದ ಬಗ್ಗೆ ಕೇಳಿದ್ದರು. ಉತ್ತರ ಬರೆಯುತ್ತಾ ಮಾತಿಗೆ ಮಾತು ಬಂದು ನನ್ನದೇ ಒಂದು ಯಾನದ ಸುದ್ದಿ ಎತ್ತಿದ್ದೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಆಸ್ಟ್ರೇಲಿಯಾಕ್ಕೆ ಸೇರಿದ ಕೊಕೋಸ್ ದ್ವೀಪಗಳಿಂದ ಮಾರಿಷಸ್‌ಗೆ ಸೇರಿದ ರಾಡ್ರಿಗಸ್ ದ್ವೀಪಕ್ಕೆ, ಸುಮಾರು 2000 ನಾಟಿಕಲ್ ಮೈಲಿ, ಅಂದರೆ 3700 ಕಿಲೋಮೀಟರ್. 36 ಅಡಿಯ ಹಾಯಿದೋಣಿ. ಜನ ನಾಲ್ಕು: ದೋಣಿಯ ಯಜಮಾನರು, ಅವರ ಹೆಂಡತಿ, ಒಬ್ಬ ಹುಡುಗ, ನಾನು. ದಾರಿಯುದ್ದಕ್ಕೂ ಗಾಳಿ ಜೋರು ಅಂತ ಬರೆದು ಸುಮ್ಮನಾಗಿದ್ದೆ. ನೀವು ಸುಮ್ಮನಾಗಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನು ದುಡಿದದ್ದು ಸರಕು ಹಡಗುಗಳಲ್ಲಿ, ಹಾಯಿದೋಣಿ ಹತ್ತಿದ್ದು ನಿವೃತ್ತಿಯ ನಂತರ. ಎರಡಕ್ಕೂ ನೀರು ಒಂದೇ, ಉಳಿದದ್ದೆಲ್ಲ ಬೇರೆ.

ಪ್ರಶ್ನೆ: ಅಷ್ಟು ಚಿಕ್ಕ ದೋಣಿ ದೊಡ್ಡ ಅಲೆಗೆ ಮಗುಚಿಕೊಳ್ಳುವುದಿಲ್ಲವೇ ಸರ್? ಮಗುಚಿದರೆ ಮುಂದೇನು?

ಉತ್ತರ: ಇದನ್ನು ಕೇಳಿದವರೇ ಹೆಚ್ಚು. ಬರೀ ಗಾಳಿಗೆ ಮಗುಚುವುದಿಲ್ಲ, ಅಲೆಗೆ ಮಗುಚಬಹುದು.

ಸಾಗರ ದಾಟುವ ಹಾಯಿದೋಣಿಯ ತಳದಲ್ಲಿ ಸೀಸದ್ದೋ ಕಬ್ಬಿಣದ್ದೋ ದೊಡ್ಡ ತೂಕ ಇರುತ್ತದೆ. ಅದಕ್ಕೆ ಕೀಲ್ ಅನ್ನುತ್ತಾರೆ. ದೋಣಿಯ ಒಟ್ಟು ತೂಕದ ಮೂರನೇ ಒಂದು ಭಾಗ, ಕೆಲವದರಲ್ಲಿ ಇನ್ನೂ ಜಾಸ್ತಿ, ಅಲ್ಲೇ ಇರುತ್ತದೆ. ಗಾಳಿ ದೋಣಿಯನ್ನು ವಾಲಿಸುತ್ತಾ ಹೋದಂತೆ ಆ ತೂಕ ಅದನ್ನು ವಾಪಸ್ ಎಳೆಯುತ್ತಾ ಹೋಗುತ್ತದೆ. ಜೊತೆಗೆ ವಾಲಿದ ಹಾಯಿಗೆ ಗಾಳಿಯ ಹಿಡಿತವೂ ಕಡಿಮೆ. ಎಷ್ಟು ಸಲ ತಳ್ಳಿದರೂ ಎದ್ದು ಕೂರುವ ಮಕ್ಕಳ ಗೊಂಬೆ ನೋಡಿದ್ದೀರಲ್ಲ, ಲೆಕ್ಕ ಅದೇ.

ಅಲೆಯ ವಿಚಾರ ಹಾಗಲ್ಲ. ಎತ್ತರದ ಅಲೆ ಎಂದ ಮಾತ್ರಕ್ಕೆ ಅಪಾಯ ಅಂತೇನಿಲ್ಲ. ನಿಧಾನವಾಗಿ ಏರಿ ಇಳಿಯುವ ಉದ್ದನೆಯ ಅಲೆ ಐದು ಮೀಟರ್ ಇದ್ದರೂ ದೋಣಿ ಅದನ್ನು ಹತ್ತಿ ಆ ಕಡೆ ಇಳಿಯುತ್ತದೆ. ಅಲ್ಲಿ ನೀರು ಮೇಲೆ ಕೆಳಗೆ ಆಡುತ್ತದೆಯೇ ಹೊರತು ಹೆಚ್ಚು ಮುಂದಕ್ಕೆ ಹೋಗುವುದಿಲ್ಲ. ಅಲೆಯ ಎತ್ತರ ಅದರ ಉದ್ದದ ಏಳನೇ ಒಂದು ಭಾಗದ ಹತ್ತಿರ ಬಂದಾಗ ಮಾತ್ರ ಅದರ ತಲೆ ಮುರಿದು ಬೀಳುತ್ತದೆ. ಆಗ ಟನ್‌ಗಟ್ಟಲೆ ನೀರು ನಿಜವಾಗಿಯೂ ಮುಂದಕ್ಕೆ ನುಗ್ಗುತ್ತದೆ. ಆ ಹೊತ್ತಿಗೆ ದೋಣಿ ಅಲೆಗೆ ಅಡ್ಡಡ್ಡ ನಿಂತಿದ್ದರೆ ಉರುಳಿಸಿಬಿಡುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಾದರಿ ದೋಣಿಗಳನ್ನು ತೊಟ್ಟಿಯಲ್ಲಿ ತೇಲಿಸಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಒಡೆಯುವ ಅಲೆ ದೋಣಿಯ ಉದ್ದದ ಶೇಕಡಾ 60ರಷ್ಟು ಎತ್ತರ ಇದ್ದರೆ ಯಾವ ಆಕಾರದ ದೋಣಿಯೂ ತಡೆಯಲಿಲ್ಲ. ನಮ್ಮ 36 ಅಡಿಗೆ ಅದು ಸುಮಾರು 22 ಅಡಿ ಆಯಿತು. ಹಾಗಾಗಿ ಬಿರುಸಿನ ಕಡಲಲ್ಲಿ ಮಾಡುವ ಸಾಹಸಗಳೆಲ್ಲ ಒಂದೇ ಉದ್ದೇಶಕ್ಕೆ: ದೋಣಿ ಅಡ್ಡ ತಿರುಗದಂತೆ ನೋಡಿಕೊಳ್ಳುವುದು.

ಮಗುಚಿದರೆ ಕೀಲ್ ಅದನ್ನು ಮತ್ತೆ ಎಬ್ಬಿಸುತ್ತದೆ. ಆದರೆ ಆ ಸುತ್ತಿನಲ್ಲಿ ಹಾಯಿಕಂಬ ಉಳಿಯುವುದು ಕಷ್ಟ. ಒಳಗಿನ ಸಾಮಾನು ಛಾವಣಿಗೆ ಹಾರುತ್ತದೆ. ನಾವು ಹೊರಡುವ ಮೊದಲು ಬ್ಯಾಟರಿಗಳಿಗೆ ಪಟ್ಟಿ ಬಿಗಿದು, ನೆಲದ ಹಲಗೆಗಳಿಗೂ ಚಿಲಕ ಹಾಕಿದ್ದೆವು. ನೆಲಕ್ಕೆ ಚಿಲಕ ಯಾಕೆ ಅಂತ ಹುಡುಗ ನಕ್ಕಿದ್ದ. ಯಜಮಾನರು ಉತ್ತರ ಹೇಳದೆ, ಮೇಲೆ ಛಾವಣಿಯ ಕಡೆ ಬೆರಳು ತೋರಿಸಿದರು.

2018ರ ಸೆಪ್ಟೆಂಬರ್ 21ರಂದು ನಮ್ಮ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಅವರಿಗೆ ಆದದ್ದು ಇದೇ. ಎಲ್ಲೂ ನಿಲ್ಲದೆ ಒಬ್ಬೊಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಹೋಗುತ್ತಿದ್ದರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ 'ತುರೀಯ' ಉರುಳಿ ಹಾಯಿಕಂಬ ಮುರಿಯಿತು. ಬೆನ್ನಿಗೆ ಪೆಟ್ಟಾಗಿ ನಡೆಯಲಾಗದೆ ಮಲಗಿದಲ್ಲೇ ಇದ್ದರು. ಮೂರನೇ ದಿನ ಫ್ರಾನ್ಸಿನ ಒಸಿರಿಸ್ ಎಂಬ ಹಡಗು ಬಂದು ಕರೆದುಕೊಂಡು ಹೋಯಿತು. ಗಮನಿಸಿ, ಅಲ್ಲಿಯವರೆಗೂ ದೋಣಿ ತೇಲುತ್ತಲೇ ಇತ್ತು. ಮುಂದಿನ ಸಲದ ಅದೇ ಸ್ಪರ್ಧೆಗೆ ಅವರು ಮತ್ತೆ ಹೋಗಿ ಎರಡನೇ ಸ್ಥಾನದಲ್ಲಿ ಮುಗಿಸಿದರು. ಅದನ್ನು ಓದಿದಾಗ ನಾನು ಪೇಪರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಪ್ರಶ್ನೆ: ಬಿರುಗಾಳಿ ಎದ್ದಾಗ ಲಂಗರು ಹಾಕಿ ನಿಲ್ಲಬಹುದಲ್ಲ? ಇಲ್ಲವಾದರೆ ಏನು ಮಾಡುತ್ತೀರಿ, ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ನಾವಿದ್ದ ಕಡೆ ತಳ ನಾಲ್ಕೈದು ಕಿಲೋಮೀಟರ್ ಕೆಳಗಿತ್ತು. ಲಂಗರು ಮುಂದುಗಡೆ ಕಟ್ಟಿಹಾಕಿದ ಒಂದು ಭಾರ, ಅಷ್ಟೇ.

ಮೊದಲ ಕೆಲಸ ಹಾಯಿ ಕುಗ್ಗಿಸುವುದು, ಅಂದರೆ ರೀಫ್ ಕಟ್ಟುವುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ಗಾಳಿಯಲ್ಲಿ ಹಾಯಾಗಿ ಎಳೆಯುತ್ತಿದ್ದ ಹಾಯಿ 40 ನಾಟ್‌ನಲ್ಲಿ ಹಗ್ಗ ಹರಿಯುತ್ತದೆ, ಬಟ್ಟೆ ಸೀಳುತ್ತದೆ. ಅದರ ಜೊತೆ ದೋಣಿ ಚುಕ್ಕಾಣಿಯ ಮಾತು ಕೇಳುವುದನ್ನೂ ಬಿಡುತ್ತದೆ. ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಿದರೆ ವಿಸ್ತಾರ ಕಡಿಮೆಯಾಗುತ್ತದೆ. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ. ತಮಾಷೆ ಅಂದರೆ ಕುಗ್ಗಿಸಿದ ಮೇಲೆ ದೋಣಿ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ, ಇನ್ನೂ ನೆಟ್ಟಗೆ ಓಡುತ್ತದೆ.

ನಮ್ಮ ಯಜಮಾನರದು ಒಂದೇ ನಿಯಮ. ರೀಫ್ ಕಟ್ಟಬೇಕೋ ಬೇಡವೋ ಅನ್ನುವ ಯೋಚನೆ ಯಾರ ತಲೆಗೆ ಬಂದರೂ ಕಟ್ಟಬೇಕು. ಚರ್ಚೆ ಇಲ್ಲ, ಆಮೇಲೆ ಗಾಳಿ ಇಳಿದುಹೋದರೂ ಬೈಯುವ ಹಾಗಿಲ್ಲ. ಸೂರ್ಯ ಮುಳುಗುವ ಮೊದಲು ಒಂದು ಮಡಿಕೆ ಹೆಚ್ಚಿಗೆ ಹಾಕಿಯೇ ಊಟಕ್ಕೆ ಕೂರುತ್ತಿದ್ದರು. ಹೆದರುಪುಕ್ಕಲು ಅನ್ನುವವರು ಅನ್ನಲಿ. ನಡುರಾತ್ರಿ ಎದ್ದು, ಕುಣಿಯುವ ಡೆಕ್ ಮೇಲೆ ಮೊಣಕಾಲೂರಿ, ಒದ್ದೆ ಬಟ್ಟೆಯ ಜೊತೆ ಗುದ್ದಾಡುವುದು ಯಾರಿಗೆ ಬೇಕು?

ಆ ದಾರಿಯ ತೊಂದರೆ ಬರೀ ಗಾಳಿಯದಲ್ಲ. ಅಲ್ಲಿ ಆಗ್ನೇಯದಿಂದ ವಾಣಿಜ್ಯ ಮಾರುತ ಬೀಸುತ್ತದೆ, ಅದರ ಅಲೆ ಒಂದು ಕಡೆಯಿಂದ. ದೂರದ ದಕ್ಷಿಣದಲ್ಲಿ, 40 ಡಿಗ್ರಿ ಅಕ್ಷಾಂಶದ ಆಚೆ, ಸದಾ ಬಿರುಗಾಳಿ. ಅಲ್ಲಿ ಎದ್ದ ಅಲೆ ನೈರುತ್ಯದಿಂದ ಬರುತ್ತದೆ. ಎರಡೂ ಒಂದರೊಳಗೊಂದು ನುಗ್ಗಿ ನೀರು ಗೋಪುರ ಗೋಪುರವಾಗಿ ಏಳುತ್ತದೆ. ಹಿಂದಿನಿಂದ ಬರುವ ಅಲೆಗೆ ನೀವು ತಯಾರಾಗಿರುತ್ತೀರಿ, ಪಕ್ಕದಿಂದ ಇನ್ನೊಂದು ಬಂದು ಕಪಾಳಕ್ಕೆ ಹೊಡೆಯುತ್ತದೆ. ದಿನಗಟ್ಟಲೆ ಹೀಗೆ. ಒಂದು ಕ್ಷಣವೂ ಎರಡೂ ಕೈ ಬಿಟ್ಟು ನಿಲ್ಲುವ ಹಾಗಿಲ್ಲ.

ಗಾಳಿ 35 ನಾಟ್, ಅಂದರೆ ಗಂಟೆಗೆ 65 ಕಿಲೋಮೀಟರ್ ಹತ್ತಿರ ಬಂದ ಮೇಲೆ ದಾರಿ ಎರಡು. ಒಂದು, ಗಾಳಿಗೆ ಬೆನ್ನು ಮಾಡಿ ಓಡುವುದು. ಮುಂದೆ ಖಾಲಿ ಸಮುದ್ರ ಇದ್ದರೆ ಇದು ಚೆನ್ನ. ಆದರೆ ಅಲೆಯ ಇಳಿಜಾರಿನಲ್ಲಿ ದೋಣಿ ಜಾರಿ ವೇಗ ಕೈಮೀರಿದರೆ ಮೂತಿ ನೀರಿಗೆ ಹೊಕ್ಕು, ಹಿಂಭಾಗ ತಿರುಗಿ, ಅದೇ ಹಾಳು ಅಡ್ಡಡ್ಡ ಸ್ಥಿತಿ. ಆಗ ಹಿಂದುಗಡೆಯಿಂದ ಉದ್ದ ಹಗ್ಗಗಳನ್ನು ಬಿಟ್ಟು ಎಳೆಸುತ್ತಾರೆ. ಇದಕ್ಕೆಂದೇ ಡೊನಾಲ್ಡ್ ಜೋರ್ಡನ್ ಎಂಬ ಅಮೆರಿಕದ ವಿಮಾನ ಎಂಜಿನಿಯರ್ ಒಂದು ಸಾಧನ ಮಾಡಿದರು. ಉದ್ದನೆಯ ಹಗ್ಗಕ್ಕೆ ಸಾಲಾಗಿ ನೂರಕ್ಕೂ ಹೆಚ್ಚು ಪುಟ್ಟ ಬಟ್ಟೆಯ ಶಂಕುಗಳು, ತುದಿಯಲ್ಲಿ ಒಂದು ಭಾರ. ಒಂದು ಅಲೆ ಎತ್ತಿ ಎಸೆಯಲು ನೋಡಿದರೂ ಉಳಿದ ಶಂಕುಗಳು ನೀರಲ್ಲಿ ಹಿಡಿದುಕೊಂಡಿರುತ್ತವೆ. ನಮ್ಮ ದೋಣಿಯಲ್ಲೂ ಇತ್ತು. ಚೀಲದಿಂದ ತೆಗೆಯುವ ಪ್ರಸಂಗ ಬರಲಿಲ್ಲ.

ಇನ್ನೊಂದು ದಾರಿ ನನಗೆ ಬಹಳ ಇಷ್ಟವಾದದ್ದು. ಇಂಗ್ಲಿಷಿನಲ್ಲಿ 'ಹೀವ್ ಟು' ಅನ್ನುತ್ತಾರೆ. ಮುಂದಿನ ಸಣ್ಣ ಹಾಯಿಯನ್ನು ಬೇಕೆಂದೇ ತಪ್ಪು ಮಗ್ಗುಲಿಗೆ, ಗಾಳಿ ಬರುವ ಕಡೆಗೆ ಎಳೆದು ಕಟ್ಟುವುದು. ಚುಕ್ಕಾಣಿಯನ್ನು ದೋಣಿ ಗಾಳಿಯ ಕಡೆ ತಿರುಗುವ ಹಾಗೆ ಬಿಗಿಯುವುದು. ಮುಂದಿನ ಹಾಯಿ ಮೂತಿಯನ್ನು ಆಚೆ ತಳ್ಳುತ್ತದೆ, ಚುಕ್ಕಾಣಿ ಈಚೆ ತರುತ್ತದೆ. ಎರಡರ ಜಗಳದಲ್ಲಿ ದೋಣಿ ಗಾಳಿಗೆ ಓರೆಯಾಗಿ ನಿಂತು, ಗಂಟೆಗೆ ಒಂದೆರಡು ಮೈಲಿಯಂತೆ ಸುಮ್ನೆ ಜಾರುತ್ತಿರುತ್ತದೆ. ಗಾಳಿ ಅಷ್ಟೇ, ಅಲೆ ಅಷ್ಟೇ. ಆದರೆ ಒಳಗಿನ ಕುಲುಕಾಟ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಮೊದಲ ಸಲ ಹೀಗೆ ನಿಲ್ಲಿಸಿದಾಗ ಹುಡುಗ ಕೆಳಗಿನಿಂದ ಕೂಗಿದ, ಬಿರುಗಾಳಿ ಮುಗೀತಾ ಅಂತ. ಮುಗಿದಿರಲಿಲ್ಲ. ಆದರೆ ನಾಲ್ಕೂ ಜನ ಬಿಸಿ ಊಟ ಮಾಡಿ ಸರದಿಯ ಮೇಲೆ ನಿದ್ದೆ ಹೊಡೆದೆವು. ಎಲ್ಲ ದೋಣಿಗೂ ಇದು ಒಗ್ಗುವುದಿಲ್ಲ. ಕೀಲ್ ತೀರಾ ಸಣ್ಣದಿರುವ ಹಗುರ ದೋಣಿಗಳು ಮಾತು ಕೇಳದೆ ಅತ್ತಿತ್ತ ತೊನೆಯುತ್ತವೆ. ಯಾವ ದೋಣಿ ಹೇಗೆ ನಿಲ್ಲುತ್ತದೆ ಅಂತ ಒಳ್ಳೆ ಹವೆಯಲ್ಲೇ ಮಾಡಿ ನೋಡಿಕೊಂಡಿರಬೇಕು.

ಪ್ರಶ್ನೆ: ಅಲೆಗಳು ಎಷ್ಟು ಎತ್ತರ ಇದ್ದವು? ನಮ್ಮ ಪರಿಚಯದವರೊಬ್ಬರು ಐವತ್ತು ಅಡಿಯ ಅಲೆ ನೋಡಿದ್ದೇನೆ ಅನ್ನುತ್ತಾರೆ.

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಚಿಕ್ಕ ದೋಣಿಯಿಂದ ನೋಡುವಾಗ ಕಣ್ಣು ಸುಳ್ಳು ಹೇಳುತ್ತದೆ. ದೋಣಿ ಅಲೆಯ ಇಳಿಜಾರಿನಲ್ಲಿ ಓರೆಯಾಗಿರುತ್ತದೆ, ನಾವು ಡೆಕ್ಕನ್ನೇ ಸಮತಟ್ಟು ಅಂದುಕೊಂಡು ಅಳೆಯುತ್ತೇವೆ. ಅಲೆ ಗೋಡೆಯಷ್ಟು ಕಡಿದಾಗಿ ಕಾಣುತ್ತದೆ. ಸರಿಯಾದ ಅಂದಾಜಿಗೆ ಹಳೆಯ ಉಪಾಯ ಒಂದಿದೆ. ದೋಣಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ನೆಟ್ಟಗಿರುವಾಗ, ಎದುರಿನ ಅಲೆಯ ತುದಿ ಮತ್ತು ದಿಗಂತ ಒಂದೇ ಗೆರೆಯಲ್ಲಿ ಕಾಣುವಷ್ಟು ಎತ್ತರಕ್ಕೆ ಹೋಗಿ. ಆಗ ನೀರಿನಿಂದ ನಿಮ್ಮ ಕಣ್ಣು ಎಷ್ಟು ಮೇಲಿದೆಯೋ ಅಲೆ ಅಷ್ಟು ಎತ್ತರ. ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಹಿಡಿಯುವ ತೆರೆದ ಜಾಗದಲ್ಲಿ, ನಿಂತರೆ ನನ್ನ ಕಣ್ಣು ಸುಮಾರು ಎರಡೂವರೆ ಮೀಟರ್ ಮೇಲೆ ಬರುತ್ತಿತ್ತು. ದಿಗಂತ ಎಷ್ಟೋ ಸಲ ಕಾಣಲೇ ಇಲ್ಲ. ನಾಲ್ಕು ಮೀಟರ್ ಅಂತ ನನ್ನ ಲೆಕ್ಕ, ಕೆಲವು ಐದು. ಹುಡುಗನ ಲೆಕ್ಕದಲ್ಲಿ ಹತ್ತು!

ಹವಾಮಾನ ವರದಿಯಲ್ಲಿ 4 ಮೀಟರ್ ಅಂತ ಬರೆದಿದ್ದರೆ ಅದು ಅತಿ ದೊಡ್ಡ ಅಲೆಯ ಅಳತೆ ಅಲ್ಲ. ಮೂರರಲ್ಲಿ ಒಂದು ಪಾಲಿನ ದೊಡ್ಡ ಅಲೆಗಳ ಸರಾಸರಿ. ಒಂಟಿ ಅಲೆಯೊಂದು ಅದರ ಎರಡು ಪಟ್ಟಿಗೂ ಏಳಬಹುದು. ಹಾಗಾಗಿ ನಿಮ್ಮ ಪರಿಚಯದವರನ್ನು ಪೂರ್ತಿ ಅನುಮಾನಿಸಬೇಡಿ.

ಪ್ರಶ್ನೆ: ಬಸ್ಸಿನಲ್ಲೇ ನನಗೆ ವಾಂತಿ. ನಿಮಗೆ ಸಮುದ್ರದಲ್ಲಿ ಆಗಲಿಲ್ಲವೇ?

ಉತ್ತರ: ಆಯಿತು. ಜೀವಮಾನವೆಲ್ಲ ಹಡಗಿನಲ್ಲಿ ಕಳೆದವನಿಗೂ ಚಿಕ್ಕ ದೋಣಿಯ ಕುಲುಕಾಟ ಹೊಸದೇ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಮಾತ್ರೆಯನ್ನು ಹೊರಡುವ ಕೆಲವು ಗಂಟೆ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಡೆಕ್ ಮೇಲೆ ಕೂತು ದಿಗಂತ ನೋಡಿ, ಸಾಧ್ಯವಾದರೆ ಚುಕ್ಕಾಣಿ ಹಿಡಿಯಿರಿ. ಕೈಗೆ ಕೆಲಸ ಸಿಕ್ಕರೆ ಹೊಟ್ಟೆ ಅರ್ಧ ಸುಧಾರಿಸುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಇರಿ. ವಾಂತಿಗಿಂತ ಅಪಾಯ ಅಂದರೆ ಮೈಯಲ್ಲಿ ನೀರು ಆರಿ, ಯಾವುದೂ ಬೇಡ ಅನ್ನಿಸುವ ಆ ಮಂಕು. ಹಾಗೆ ಆದವರು ರೇಲಿಂಗ್‌ಗೆ ಬಗ್ಗುವಾಗ ಹಗ್ಗ ಕಟ್ಟಿಕೊಳ್ಳುವುದನ್ನೂ ಮರೆಯುತ್ತಾರೆ.

ಪ್ರಶ್ನೆ: ಅಡುಗೆ, ಶೌಚ ಎಲ್ಲ ಹೇಗೆ?

ಉತ್ತರ: ಒಲೆ ತೊಟ್ಟಿಲಿನ ಹಾಗೆ ತೂಗಿಕೊಂಡಿರುತ್ತದೆ, ದೋಣಿ ವಾಲಿದರೂ ಪಾತ್ರೆ ನೆಟ್ಟಗೆ. ಮುಚ್ಚಳ ಬಿಗಿಯುವ ಪ್ರೆಶರ್ ಕುಕ್ಕರೇ ಕ್ಷೇಮ. ಅಡುಗೆಯವರು ಸೊಂಟಕ್ಕೆ ಪಟ್ಟಿ, ಮೈಮೇಲೆ ದಪ್ಪ ಮಳೆಯಂಗಿ ಹಾಕಿಕೊಂಡಿರಬೇಕು. ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವುದು ಸಮುದ್ರದಲ್ಲಿ ಬಹಳ ಕೆಟ್ಟ ಗಾಯ. ಎರಡನೆಯದಕ್ಕೆ ಉತ್ತರ: ಗಂಡಸರೂ ಕೂತೇ ಮಾಡಬೇಕು. ಇದು ಯಜಮಾನರ ಹೆಂಡತಿಯ ಕಾನೂನು. ಅಪೀಲು ಇರಲಿಲ್ಲ.

ಪ್ರಶ್ನೆ: ನಿಜ ಹೇಳಿ, ಭಯ ಆಗಲಿಲ್ಲವೇ? ಸಾಕು, ದೋಣಿ ಬಿಟ್ಟು ಹೋಗೋಣ ಅನ್ನಿಸಲಿಲ್ಲವೇ?

ಉತ್ತರ: ಭಯ ಆಯಿತು, ಅದೂ ರಾತ್ರಿ. ಹಗಲು ಅಲೆ ಕಾಣುತ್ತದೆ, ರಾತ್ರಿ ಬರೀ ಕೇಳಿಸುತ್ತದೆ. ಬೆನ್ನ ಹಿಂದೆ ಎಲ್ಲೋ ಒಂದು ಅಲೆ ಒಡೆಯುವ ಸದ್ದು. ಅದು ನಮ್ಮದೋ, ಪಕ್ಕದಲ್ಲಿ ಹೋಗುವುದೋ ಗೊತ್ತಿಲ್ಲ. ಒಂದು ನಮ್ಮದೇ ಆಯಿತು. ಕಾಕ್‌ಪಿಟ್ ತುಂಬಾ ನೀರು ತುಂಬಿ ಸೊಂಟದವರೆಗೆ ಬಂತು. ಚುಕ್ಕಾಣಿಯಲ್ಲಿದ್ದವರು ಯಜಮಾನರ ಹೆಂಡತಿ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ದೋಣಿ ನಡೆಸುವವರು ಅವರೇ. ಕಣ್ಣಿನ ಉಪ್ಪುನೀರು ಒರೆಸಿಕೊಂಡು, ಕೆಳಗಿನ ಬಾಗಿಲಿನ ಹಲಗೆ ಹಾಕಿದೆಯಾ ಅಂತ ಕೇಳಿದರು. ಹಾಕಿತ್ತು. ಹಾಕದಿದ್ದರೆ ಆ ನೀರೆಲ್ಲ ಕ್ಯಾಬಿನ್ನಿಗೆ ಹೋಗುತ್ತಿತ್ತು. ಕಾಕ್‌ಪಿಟ್ ನೀರು ತೂತುಗಳಿಂದ ಇಳಿದುಹೋಗಲು ಹಿಡಿದ ಸಮಯ ಬಹಳ ಉದ್ದ ಅನ್ನಿಸಿತು.

ದೋಣಿ ಬಿಡುವ ಮಾತು ಮಾತ್ರ ಯಾರೂ ಎತ್ತಲಿಲ್ಲ. 1979ರ ಫಾಸ್ಟ್‌ನೆಟ್ ಸ್ಪರ್ಧೆಯ ಕಥೆ ಹಾಯಿದೋಣಿಯವರೆಲ್ಲರಿಗೂ ಗೊತ್ತು. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವೆ 303 ದೋಣಿಗಳು ಬಿರುಗಾಳಿಗೆ ಸಿಕ್ಕವು. ಸ್ಪರ್ಧಿಗಳಲ್ಲಿ 15 ಜನ ಸತ್ತರು. 24 ದೋಣಿಗಳನ್ನು ಅದರಲ್ಲಿದ್ದವರು ಬಿಟ್ಟು ಹೋದರು. ಆ ಪೈಕಿ ಮುಳುಗಿದ್ದು ಐದು ಮಾತ್ರ. ಉಳಿದವು ಖಾಲಿಯಾಗಿ ತೇಲುತ್ತಾ ಆಮೇಲೆ ಸಿಕ್ಕವು. ಗಾಳಿ ತುಂಬಿದ ಲೈಫ್ ರಾಫ್ಟ್ ಹತ್ತಿದವರಲ್ಲಿ ಕೆಲವರಿಗೆ ಅದೇ ಹರಿದು ಮೃತ್ಯುವಾಯಿತು. ರಾಫ್ಟ್‌ಗೆ ಯಾವತ್ತೂ ಮೇಲಕ್ಕೆ ಹತ್ತಬೇಕೇ ಹೊರತು ಕೆಳಕ್ಕೆ ಇಳಿಯಬಾರದು ಅಂತ ನಾವಿಕರು ಹೇಳುವುದು ಇದಕ್ಕೇ. ಅಂದರೆ ದೋಣಿ ಕಾಲಡಿಯಲ್ಲಿ ಮುಳುಗುತ್ತಿರಬೇಕು, ಆಗ ಮಾತ್ರ.

ನನಗೆ ಅನ್ನಿಸುವುದು, ಗಟ್ಟಿ ದೋಣಿ ಇರುವಲ್ಲಿ ಮೊದಲು ಸೋಲುವವನು ಮನುಷ್ಯ. ಒದ್ದೆ ಬಟ್ಟೆ, ಚಳಿ, ಅರೆನಿದ್ದೆ, ಖಾಲಿ ಹೊಟ್ಟೆ. ಇಷ್ಟು ಸಾಕು, ಬುದ್ಧಿವಂತನೂ ಹಗ್ಗ ಬಿಚ್ಚಬಾರದ ಕಡೆ ಬಿಚ್ಚುತ್ತಾನೆ. ಸರ್ ರಾಬಿನ್ ನಾಕ್ಸ್-ಜಾನ್ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು, 312 ದಿನ. ಅವರ 'ಸುಹೈಲಿ' 32 ಅಡಿಯ ತೇಗದ ದೋಣಿ, ಮುಂಬೈಯಲ್ಲಿ ಕಟ್ಟಿದ್ದು. ಚುಕ್ಕಾಣಿಯ ಯಂತ್ರ ಕೆಟ್ಟಿತು, ರೇಡಿಯೋ ಕೆಟ್ಟಿತು. ಆಗಿನ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ಒಂಬತ್ತು ಜನರಲ್ಲಿ ಮುಗಿಸಿದ್ದು ಅವರೊಬ್ಬರೇ. ಸುಹೈಲಿ ಇದ್ದುದರಲ್ಲಿ ವೇಗದ ದೋಣಿ ಏನಲ್ಲ, ಸೋಲದೆ ಉಳಿದದ್ದು ಅದರಲ್ಲಿದ್ದ ಮನುಷ್ಯ.

ಪ್ರಶ್ನೆ: ನಿದ್ದೆ ಹೇಗೆ ಮಾಡುತ್ತಿದ್ದಿರಿ?

ಉತ್ತರ: ಮೂರು ಗಂಟೆಯ ಪಾಳಿ. ಹಾಸಿಗೆಯ ಪಕ್ಕಕ್ಕೆ ದಪ್ಪ ಬಟ್ಟೆ ಬಿಗಿದಿರುತ್ತಾರೆ, ಬೀಳದ ಹಾಗೆ. ಒದ್ದೆ ಅಂಗಿ ಕಳಚದೆ ಯಾರೂ ಹಾಸಿಗೆ ಮುಟ್ಟುವ ಹಾಗಿರಲಿಲ್ಲ. ಪಾಳಿ ಮುಗಿದವನು ಮಾತಾಡುತ್ತಾ ಕೂರುವಂತಿಲ್ಲ, ಹೋಗಿ ಮಲಗಬೇಕು. ನಿದ್ದೆ ಬರಲಿ ಬಿಡಲಿ, ಕಣ್ಣು ಮುಚ್ಚಬೇಕು. ಹೆಚ್ಚಿನ ಹೊತ್ತು ದೋಣಿ ನಡೆಸಿದ್ದು ಹಿಂದುಗಡೆ ಇರುವ, ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಯಂತ್ರ. ಅದಕ್ಕೆ ಊಟ ಬೇಡ, ಕರೆಂಟ್ ಬೇಡ, ಗೊಣಗುವುದೂ ಇಲ್ಲ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಹಾಯಿದೋಣಿ ಕಲಿತಿದ್ದಾಳೆ. ಈಗ ಯಾರದೋ ದೋಣಿಯಲ್ಲಿ ಸಾಗರ ದಾಟಲು ಹೋಗುತ್ತೇನೆ ಅನ್ನುತ್ತಾಳೆ. ಬೇಡ ಅನ್ನಲೇ? ಹೆಣ್ಣುಮಗಳು ಅನ್ನುವ ಚಿಂತೆಯೂ ಇದೆ.

ಉತ್ತರ: ಹೆಣ್ಣುಮಗಳು ಅನ್ನುವ ಕಾರಣಕ್ಕಾದರೆ ಬೇಡ ಅನ್ನಬೇಡಿ. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ 'ತಾರಿಣಿ' ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, 2018ರ ಮೇ ತಿಂಗಳಲ್ಲಿ ವಾಪಸ್ ಬಂದರು. 2024-25ರಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಅನ್ನುವ ಇಬ್ಬರೇ ಅಧಿಕಾರಿಗಳು ಅದೇ ಕೆಲಸ ಮಾಡಿದರು. ಚಿಂತೆ ಮಾಡಬೇಕಾದದ್ದು ಆ ದೋಣಿಯ ಬಗ್ಗೆ, ಅದರ ಯಜಮಾನನ ಬಗ್ಗೆ.

ಮಗಳ ಜೊತೆ ನೀವೂ ಹೋಗಿ ದೋಣಿ ನೋಡಿ ಬನ್ನಿ. ಜೊತೆಗೆ ಬರುವ ಉಳಿದವರನ್ನೂ ಮಾತಾಡಿಸಿ. ಹಿಂದೆ ಆ ಯಜಮಾನನ ದೋಣಿಯಲ್ಲಿ ಹೋದವರು ಮತ್ತೆ ಹೋಗಿದ್ದಾರಾ ಅಂತ ವಿಚಾರಿಸಿ. ಯಾವ ತಿಂಗಳು ಹೊರಡುತ್ತಾರೆ ಕೇಳಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಆ ತಿಂಗಳುಗಳ ಹೆಸರು ಹೇಳಿದರೆ ಅಲ್ಲೇ ಕೈಮುಗಿದು ಬನ್ನಿ. 406 ಮೆಗಾಹರ್ಟ್ಸ್‌ನ ತುರ್ತು ಸಂಕೇತದ ಉಪಕರಣ ಇದೆಯಾ, ಅದು ಆ ದೋಣಿಯ ಹೆಸರಿನಲ್ಲೇ ನೋಂದಣಿ ಆಗಿದೆಯಾ ನೋಡಿ. ಅದು ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಡೆಕ್ಕಿನ ಉದ್ದಕ್ಕೂ ಪಟ್ಟಿ ಕಟ್ಟುವ ಕೊಂಡಿಗಳಿವೆಯಾ, ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಹಾರ್ನೆಸ್, ಅಂದರೆ ದೋಣಿಗೆ ಕಟ್ಟಿಕೊಳ್ಳುವ ಮೈಪಟ್ಟಿ, ಇದೆಯಾ ನೋಡಿ. ಹಾರ್ನೆಸ್ಸಿನ ಹಗ್ಗ ಗಿಡ್ಡ ಇರಬೇಕು. ನೀರಿಗೆ ಬಿದ್ದ ಮೇಲೆ ಎಳೆಯುವುದಲ್ಲ, ಬೀಳದಂತೆ ಹಿಡಿಯುವುದು ಅದರ ಕೆಲಸ. ಅಲೆಗಳ ನಡುವೆ ಒಂದು ತಲೆ ಕಣ್ಮರೆಯಾಗಲು ಒಂದು ನಿಮಿಷವೂ ಬೇಡ.

ಕೊನೆಗೆ ಯಜಮಾನನನ್ನು ಒಂದು ಮಾತು ಕೇಳಿ: ರಾತ್ರಿ ಎರಡು ಗಂಟೆಗೆ ನನ್ನ ಮಗಳು ಪಾಳಿಯಲ್ಲಿದ್ದಾಗ ಗಾಳಿ ಏರಿದರೆ ನಿಮ್ಮನ್ನು ಎಬ್ಬಿಸಬಹುದಾ? ಎಬ್ಬಿಸದಿದ್ದರೆ ಬೈಯುತ್ತೇನೆ ಅಂದರೆ ಕಳಿಸಿ. ಅಂಥದ್ದೇನೂ ಆಗಲ್ಲ ಬಿಡಿ ಸಾರ್ ಅಂತ ನಕ್ಕರೆ ಬೇರೆ ದೋಣಿ ಹುಡುಕಲು ಹೇಳಿ.